ಕಿನ್ನರ

ಕಣಕುಂಬಿಯೊಳಗ ಹುಟ್ಟಿದ ಮಲಪ್ರಭಾ
ಮೂಡಣಕ್ಕ ಮುಖಾ ಮಾಡಿ
ನಮ್ಮ ಮುನವಳ್ಳಿ ಕಡೆ ಹೊಂಡತಾಳ.
ನಾವು ಆಕಿಗೆ ಬೆನ್ನ ಕೊಟ್ಟು
ಪಡುವಣಕ್ಕ, ಚೋರ್ಲಾ ಘಾಟಿಗೆ.
ಹಿಂದ ಇಲಕಲ್ಲಿನ ಕೆಂಪ ಕಲ್ಲು ಎರಡು
ಸರಪಳಿ ಬಿಗಿಸಿಕೊಂಡು ಮಲಗಿದ್ದು,
ಮೆಲಕ ಹಾಕದ ಎಮ್ಮಿ ಹಂಗ.

ಜನವರಿ. ಬೆಳಗಿನ ನಾಕು.
ಬಸಿಗೆ ಸುರದ ಚಾ ತುಟಿಗೆ ಬರೂದ್ರಾಗ ತಣ್ಣಗ.
ಅಪ್ಪಾಲಾಲ ಉಸ್ತಾದ ರಾಡ್ ಹಿಡಕೊಂಡು
ಹತ್ತೂ ಗಾಲಿ ಬಡದ, ಸ್ಟೆಪ್ನಿನೂ ಬಡದ,
ಡಾಕ್ಟರ ಎದಿ ನೋಡಿದಂಗ ಕಿವಿ ಕೊಟ್ಟು ಕೇಳಿದ.
"ಏರಿದ ಗೇರಿನ್ಯಾಗ ಇಳೀಬೇಕು, ಭರಮಾ.
ನ್ಯೂಟ್ರಲ್ಲಿನ್ಯಾಗ ಡಿಸೇಲ್ ಉಳೀತೈತಿ,
ಡ್ರಾಯವರ ಉಳ್ಯಾಂಗಿಲ್ಲ."

ಘಾಟಿನ ಬಾಯಿಗೆ ಬಂದ್ರ
ಲೈಟ್ ಹಚ್ಚಿದ್ರ ಬಿಳಿ ಗ್ವಾಡಿ,
ಆರಿಸಿದ್ರ ಕರಿ ಬಾವಿ.
ಮಂಜು ಕಾಜಿನ ಹೊರಗಷ್ಟ ಇದ್ದಿಲ್ಲ,
ಒಳಗ ಬಂದು ನಮ್ಮ ನಡುವ ಕುಂತಿತ್ತು.

ಉಸ್ತಾದ ಕೊಳ್ಳಾಗಿನ ಟಾವೆಲ್ ತಗದು ನನ್ನ ಬೆನ್ನಿಗೆ ಹೊಚ್ಚಿದ.
"ಇಳಿ. ಮುಂದ ನಡಿ.
ನೀ ಕಾಣಾಂಗಿಲ್ಲ ನನಗ, ಟಾವೆಲ್ ಕಂಡ್ರ ಸಾಕು.
ಹಿಂದ ಹೊಳ್ಳಿ ನೋಡಬ್ಯಾಡ.
ಎರಡ ಹಾರ್ನ್ ಹೊಡದ್ರ ನಿಲ್ಲು, ಗಾಲಿಗೆ ಅಡ್ಡ ಕೊಡು.
ಬಿಡದ ಹೊಡದ್ರ ಗುಡ್ಡದ ಬಾಜೂ ಹಾರು.
ಕಂದಕದ ಬಾಜೂ
ನನಗ ಬಿಡು."

ನನಗಾಗ ಹದಿನೇಳು.
ಬಗಲಾಗ ಜಾಲಿ ಕಟಗಿ ತುಂಡು,
ಕಾಲಾಗ ಹವಾಯಿ ಚಪ್ಪಲ್.
ಬೆನ್ನಿಗೆ ರೇಡಿಯೇಟರಿನ ಉಸರು, ಎದಿಗೆ ಥಂಡಿ,
ಒಂದ ಮೈಯಾಗ ಎರಡ ಹಂಗಾಮ.
ಕೈ ಹಚ್ಚಿ ನೋಡೂವಷ್ಟ ಸಮೀಪ
ಮೂವತ್ತು ಟನ್
ನನ್ನ ಹೆಜ್ಜಿ ಎಣಿಸಿಕೋಂತ ಬರತಿತ್ತು.

ಅಂಜಿಕಿ ಹೋಗಲಿ ಅಂತ ಹಾಡಬೇಕಂದೆ.
ಹಾಡು ಬರಲಿಲ್ಲ, ಹದಿಮೂರರ ಮಗ್ಗಿ ಬಂತು.
ಹದಿಮೂರ ಏಳ್ಲಿ ಅಂದಲ್ಲಿಗೆ ನಿಂತೆ
(ಸಾಲಿ ಬಿಟ್ಟದ್ದೂ ಅಲ್ಲೇ),
ಮತ್ತ ಒಂದರಿಂದ ಸುರು.
ಊರಾಗ ನಮ್ಮಂಥಾವರಿಗೆ ಕಿನ್ನರ ಅಂತಾರ.
ಕ್ಲೀನರ್ ಅನ್ನೂದು ನಾಲಿಗಿ ಮ್ಯಾಲ ಸವದು ಹಂಗಾಗಿದ್ದು.
ಎಷ್ಟೋ ವರ್ಷದ ಮ್ಯಾಲ ಮಾಸ್ತರೊಬ್ಬರು ನಕ್ಕು ಹೇಳಿದರು:
"ಕಿನ್ನರ ಅಂದ್ರ ದೇವಲೋಕದ ಹಾಡುಗಾರ, ತಮ್ಮಾ."
ಆ ದೇವಲೋಕಕ್ಕ ಅವತ್ತು
ನಾಕೈದು ಮಾರು ಉಳದಿತ್ತಷ್ಟ.

ಮೂರನೇ ತಿರುವಿನ್ಯಾಗ ಲೈನರ್ ಸುಟ್ಟ ವಾಸನಿ.
ಹವಾ ಬಿಟ್ಟ ಸಪ್ಪಳ, ಒಮ್ಮೆ, ಮತ್ತೊಮ್ಮೆ,
ಆಮ್ಯಾಲ ಸಪ್ಪಳ ಇಲ್ಲ.
ಹೊಳ್ಳಿ ನೋಡಲಿಲ್ಲ.
ನೋಡಬ್ಯಾಡಂದಿದ್ದಕ್ಕಲ್ಲ,
ಕುತ್ತಿಗಿ ಹೊಳ್ಳಲಿಲ್ಲ.

ಒಂದ ಹಾರ್ನ್.

ಒಂದು ಹಾರ್ನಿಗೆ ಏನ ಮಾಡಬೇಕು
ಅವ ಹೇಳಿದ್ದಿಲ್ಲ.

ಎರಡನೇದು ಬಂತು.
ಹೆಂಗ ಓಡಿದೆ, ಯಾವ ಗಾಲಿಗೆ ಕಟಗಿ ಹಾಕಿದೆ, ನೆನಪಿಲ್ಲ.
ನೆನಪಿದ್ದದ್ದು ಇಷ್ಟ:
ಉಸ್ತಾದ ಕೆಳಗಿಳದ, ಗುಡ್ಡಕ್ಕ ಮುಖಾ ಮಾಡಿ
ಭಾಳೊತ್ತು ಉಚ್ಚಿ ಹೊಯ್ದ.
ಬಂದು ಹಿಂದಿನ ಗಾಲಿ ಹತ್ರ ಕುಕ್ಕರಗಾಲಿಲೆ ಕುಂತ.
ನಾನೂ ಕುಂತೆ.
ಕೆಂಪಗ ಕಾದ ಡ್ರಮ್ಮಿಗೆ
ಇಬ್ಬರೂ ಕೈ ಚಾಚಿ ಕಾಸಿಕೊಂಡಿವಿ,
ತಾಸು ಮಾತಿಲ್ಲ.
ನಮ್ಮನ್ನ ತಿನ್ನಾಕ ಬಂದ ಬೆಂಕಿ
ಅವತ್ತಿನ ಥಂಡಿಗೆ ಭಾಳ ಚಲೋ ಇತ್ತು.

ಈಗ ಹದಿನಾಕ ಗಾಲಿ, ನಾ ಒಬ್ಬವ.
ಮಾಲಕ ಲೆಕ್ಕ ಹಾಕಿ ಕಿನ್ನರನ ತಗದ.
ಎಡಗಡೆ ಸೀಟಿನ್ಯಾಗ ಬುತ್ತಿ ಗಂಟು ಕುಂತಿರತೈತಿ.
ಫೋನಿನ್ಯಾಗ ನೀಲಿ ಗೆರಿ,
ಮಂಜಿನ್ಯಾಗೂ ಅದಕ್ಕ ಎಲ್ಲಾ ಗೊತ್ತಿದ್ದಂಗ ಹೊಂಡತೈತಿ.
ಉಸ್ತಾದನ ಟಾವೆಲ್ ಕಾಜ ಒರಸಿ ಒರಸಿ
ನೂಲಾಗೇತಿ.

ಏಳ್ಲಿ ತೊಂಬತ್ತೊಂದು, ಈಗ ಬರತೈತಿ.
ಏರಿದ ಗೇರಿನ್ಯಾಗ ಇಳೀತೀನಿ.
ಕಂದಕದ ಬಾಜೂ ನಾ ನೋಡಿಕೋತೀನಿ,
ಅದೇನ ದೊಡ್ಡದಲ್ಲ.
ಗುಡ್ಡದ ಬಾಜೂ ಹಾರು ಅಂತ
ಯಾರಿಗೆ ಹೇಳಲಿ?