ಇಸು

ತಾಲ್ಲೂಕು ಕಚೇರಿಯ ಎದುರು, ಝೆರಾಕ್ಸ್ ಅಂಗಡಿಗೂ
ಛಾಪಾಕಾಗದದ ಕಿಟಕಿಗೂ ನಡುವೆ
ಒಂದು ಮೇಜು, ಒಂದು ರೆಮಿಂಗ್ಟನ್, ನಾನು.
ಅದರ ‘ಳ’ ಸಾಲು ಬಿಟ್ಟು ಒಂದು ಕೂದಲು ಮೇಲೆ ಕೂರುತ್ತದೆ.
ಸಾಗರದ ಗುಮಾಸ್ತರೆಲ್ಲ ಆ ‘ಳ’ ಕಂಡೇ
ಇದು ಇಂದುಮತಿಯ ಅರ್ಜಿ ಅನ್ನುತ್ತಾರೆ.

ಹದಿನೆಂಟು ವರ್ಷ ಒಂದೇ ವಾಕ್ಯ ಕುಟ್ಟಿದೆ:
‘ಕಡುಬಡವನಾದ ನಾನು ತಮ್ಮ ಪಾದಗಳಲ್ಲಿ
ಅತ್ಯಂತ ವಿನಮ್ರನಾಗಿ ಬೇಡಿಕೊಳ್ಳುವುದೇನೆಂದರೆ.’
ಪಹಣಿಯ ತಪ್ಪಿಗೂ ಅದೇ, ಗಂಡನ ಮರಣಪತ್ರಕ್ಕೂ ಅದೇ.
ಹೆಸರು ಬದಲಾಗುತ್ತಿತ್ತು, ಬಡವ ಒಬ್ಬನೇ.
ಹೆಂಗಸರನ್ನೂ ಎಷ್ಟೋ ಸಲ ‘ಬಡವನಾದ’ ಮಾಡಿ ಕಳಿಸಿದ್ದೇನೆ;
ಯಾರೂ ಓದಲಿಲ್ಲ, ಹಾಗಾಗಿ ಯಾರೂ ಬೈಯಲಿಲ್ಲ.

ಪುಸ್ತಕ ಹಿಡಿದದ್ದು ಜ್ಞಾನಕ್ಕಲ್ಲ, ಮಧ್ಯಾಹ್ನಕ್ಕೆ.
ಎರಡರಿಂದ ನಾಲ್ಕು ಸಾಹೇಬರು ಊಟದಲ್ಲಿ,
ಅರ್ಜಿದಾರರು ಕಾಂಪೌಂಡಿನ ನೆರಳಲ್ಲಿ ತೂಕಡಿಕೆಯಲ್ಲಿ.
ಗ್ರಂಥಾಲಯದ ಧರ್ಮೇಂದ್ರಯ್ಯ ಮೊದಲು ಕೊಟ್ಟದ್ದು
ಕೊನೆಯ ಹದಿನಾರು ಪುಟ ಇಲ್ಲದ ಕಾದಂಬರಿ.
ಹೇಗೆ ಮುಗಿದಿರಬಹುದೆಂದು ವಾರವಿಡೀ
ಸ್ಟವ್ ಜೊತೆ ವಾದ ಮಾಡಿದೆ.
ನನ್ನ ಕಾರ್ಬನ್ ಬೆರಳಿಂದ ಪುಟಪುಟವೂ ನೀಲಿ.
‘ಬೆರಳಚ್ಚು ಅಂದರೆ ಇದೇ ಕಣಮ್ಮ’ ಅಂದರು ಅವರು.
ದಂಡ ಹಾಕಲಿಲ್ಲ.

ಇನ್ನೊಂದರಲ್ಲಿ ಹೀಗಿತ್ತು: ಸುದ್ದಿ ಬಂದಾಗ ತಾಯಿ ಅಳಲಿಲ್ಲ,
ರಾತ್ರಿಯ ಅಡುಗೆಗೆ ಅಳೆದಿಟ್ಟ ಅಕ್ಕಿಯಿಂದ
ಒಂದು ಪಾವು ತೆಗೆದು ಡಬ್ಬಕ್ಕೆ ಮರಳಿ ಸುರಿದಳು.
ಅಷ್ಟೇ. ಮುಂದೆ ಬೇರೆ ಅಧ್ಯಾಯ.
ನಾನು ಆ ಪಾವಿನಲ್ಲೇ ಉಳಿದೆ.
‘ಅತ್ಯಂತ’ ಎಲ್ಲಿ? ‘ಕರುಳು ಕಿತ್ತು ಬರುವಂತೆ’ ಎಲ್ಲಿ?
ಹುಡುಕಿದೆ. ಇರಲಿಲ್ಲ. ಗಂಟಲು ಮಾತ್ರ ಕಟ್ಟಿತ್ತು.

ಆಮೇಲೆ ನನ್ನ ಅರ್ಜಿಗಳು ತೆಳ್ಳಗಾದವು.
‘ಪುಟವೇ ತುಂಬಿಲ್ಲ, ಪೂರ್ತಿ ದುಡ್ಡು ಯಾಕೆ?’
ಎಂದು ಆನಂದಪುರದ ಒಬ್ಬಾತ ಚೌಕಾಸಿ ಮಾಡಿದ.
ನಾಲ್ಕು ರೂಪಾಯಿ ವಾಪಸು ಕೊಟ್ಟೆ. ಅವನದೂ ತಪ್ಪಲ್ಲ:
ಬಿಟ್ಟ ಮಾತಿಗೆ ಬೆಲೆ ಕಟ್ಟುವ ತಕ್ಕಡಿ
ನನ್ನ ಮೇಜಿನ ಮೇಲೂ ಇರಲಿಲ್ಲ.

ಒಂದು ಸೋಮವಾರ ಗಾಮಮ್ಮ ಬಂದರು,
ಶರಾವತಿ ಹಿನ್ನೀರಿನ ಆಚೆ ದಡದವರು.
ಸೊಂಟದಲ್ಲಿ ಎಲೆಸಂಚಿ, ಸಂಚಿಯಲ್ಲಿ
ಮಡಿಸಿ ಮಡಿಸಿ ಬಟ್ಟೆಯಂತಾದ ಚೀಟಿ.
‘ಊರು ಮುಳುಗಿ ಹೋತು ತಂಗಿ. ಬದಲಿ ಜಾಗ ಸಿಕ್ಕಿಲ್ಲ. ಬರಿ.’
ಬೆರಳು ‘ಮು’ ಒತ್ತಿತು. ‘ಳು’ ಒತ್ತಿತು, ಆ ಹಾರುವ ‘ಳ’.
ನಿಂತಿತು.
ಯಾವ ಪುಸ್ತಕ ಕೈ ಹಿಡಿಯಿತೋ, ಹೇಳಲಾರೆ.
‘ಗಾಮಕ್ಕ, ಮುಳುಗಿತೋ? ಮುಳುಗಿಸಿದರೋ?’

ಅವರು ಎಲೆ ಜಗಿಯುವುದನ್ನು ನಿಲ್ಲಿಸಿದರು.
ಮೂವತ್ತು ವರ್ಷ ಒಂದೇ ಥರ ಹೇಳಿ ಸವೆದ ಬಾಯಿ.
‘ನೀರು ತಾನೇ ಬತ್ತದಾ ಗುಡ್ಡ ಹತ್ತಿ?
ಬಾಗ್ಲು ಹಾಕಿದ್ರು.
ಹಾಕಿದ ದಿನ ನಮ್ಮ ಒಲೆ ಮೇಲೆ ಗಂಜಿ ಇತ್ತು.’
ಬರೆದೆ. ಗಂಜಿಯನ್ನೂ ಬರೆದೆ.

‘ಇಸು’: ಎರಡೇ ಅಕ್ಷರ, ಶಾಲೆಯಲ್ಲಿ
ಪ್ರೇರಣಾರ್ಥಕ ಎಂದು ಉರು ಹೊಡೆದದ್ದು.
ಅದರ ಬೆನ್ನಿಗೆ ಒಬ್ಬ ಮನುಷ್ಯ ನಿಂತಿರುತ್ತಾನೆಂದು
ಮೇಷ್ಟ್ರು ಹೇಳಿರಲಿಲ್ಲ; ಅವರಿಗೂ ಗೊತ್ತಿತ್ತೋ ಇಲ್ಲವೋ.

ಏಳು ತಿಂಗಳಿಗೆ ಉತ್ತರ ಬಂತು, ದುಂಡು ಮುದ್ರೆಯೊಂದಿಗೆ:
‘ಸದರಿ ವಿಷಯವನ್ನು ಪರಿಶೀಲಿಸಲಾಗುವುದು.’
ಓದಿ ಹೇಳಿದೆ. ಅಕ್ಷರ ಬಾರದ ಗಾಮಮ್ಮ
ಕಾಗದವನ್ನು ಬೆಳಕಿಗೆ ಹಿಡಿದು, ಹಿಂದೆ ತಿರುಗಿಸಿ,
ಖೋಟಾ ನೋಟು ಹುಡುಕುವವರಂತೆ ನೋಡಿದರು.
‘ಲಾಗುವುದು ಅಂದ್ಯಲ್ಲ. ಯಾರು?’
‘ಬರೆದಿಲ್ಲ.’
‘ಯಾವತ್ತು?’
‘ಅದೂ ಇಲ್ಲ.’
ನಕ್ಕರು, ಝೆರಾಕ್ಸ್ ಹುಡುಗ ತಿರುಗಿ ನೋಡುವಷ್ಟು.
‘ಹಂಗಾರೆ ಇನ್ನೊಂದು ಹಾಳೆ ಹಾಕು.’

ಹಾಕಿದೆ, ಎರಡು ಕಾರ್ಬನ್ ಇಟ್ಟು.
ಈ ಸಲ ಹೇಳಿದ್ದೆಲ್ಲ ಅವರು, ಕುಟ್ಟಿದ್ದಷ್ಟೇ ನಾನು.
ಅಷ್ಟರಲ್ಲಿ ಗ್ರಂಥಾಲಯದ ಬಾಗಿಲು ಹಾಕಿತ್ತು.
ಹಾಕಿತ್ತು ಅಲ್ಲ, ಧರ್ಮೇಂದ್ರಯ್ಯ ಹಾಕಿದ್ದರು.
ಚೀಲದಲ್ಲಿ ವಾಪಸು ಕೊಡಬೇಕಾದ ಪುಸ್ತಕ.
ನಾಳೆ ದಂಡ ಕೊಟ್ಟರಾಯಿತು.