ಎರಡು ಪೌಂಡ್ ಮೂವತ್ತು

ಗ್ರಿಮ್ಸ್‌ಬಿಯ ಹಳೆಯ ಮೀನುಧಕ್ಕೆಯ ಹಿಂದೆ
ಮೂಲೆಯಂಗಡಿ. ಹಾಲು, ಬ್ರೆಡ್ಡು, ಸಿಗರೇಟು, ಲಾಟರಿ,
ಮತ್ತೆ ಈ ಪುಟ್ಟ ಹಳದಿ ಯಂತ್ರ.
ಜನ ತರುವ ನೀಲಿ ಪ್ಲಾಸ್ಟಿಕ್ ಕೀಲಿಯನ್ನು
ಅದರ ಬಾಯಿಗೆ ತುರುಕಿ
ಹಣ ತುಂಬಿಸುವುದು ನನ್ನ ಕೆಲಸ.
ಒಯ್ದು ಮೀಟರಿಗೆ ಚುಚ್ಚಿದರೆ ಮನೆಗೆ ಬೆಳಕು.
ಹನ್ನೊಂದು ವರ್ಷವಾಯಿತು.
ಯಾರ ಮನೆಯಲ್ಲಿ ಎಷ್ಟು ಚಳಿ ಅಂತ
ಡಾಕ್ಟರಿಗಿಂತ ಮೊದಲು ನನಗೆ ಗೊತ್ತು.

ಆಕ್ಸ್‌ಟಬಿ ಮುದುಕನದು ಮುಂಚೆಲ್ಲ ಮೂವತ್ತು.
ಕಣ್ಣು ಮುಚ್ಚಿ ಒತ್ತು ಹುಡುಗಿ, ಅನ್ನುತ್ತಿದ್ದ.
ಈಗ ಹತ್ತು. ಕಣ್ಣು ತೆರೆದೇ ನಿಂತಿರುತ್ತಾನೆ.
ಒಂಬತ್ತೂವರೆಗೆ ಪುಕ್ಕಟೆ ಪಾಸಿಗೆ ಜೀವ ಬರುತ್ತದೆ,
ಬಸ್ಸು ಹತ್ತಿ ಕ್ಲೀಥಾರ್ಪ್ಸ್‌ಗೆ ಹೋಗುತ್ತಾನೆ,
ಬರುತ್ತಾನೆ, ಹೋಗುತ್ತಾನೆ.
ಸಮುದ್ರ ನೋಡುವುದಕ್ಕಲ್ಲ.
ಹಿಂದಿನ ಸೀಟಿನ ಕೆಳಗೆ ಹೀಟರ್ ಇದೆ.

ದಾನೂತಾಗೆ ಮೀನು ಕಾರ್ಖಾನೆಯಲ್ಲಿ
ದಿನವಿಡೀ ಮಂಜುಗಡ್ಡೆಯ ಮೇಲೆ ಕೈ.
ಕೆಟಲ್ ಒಂದು ಸಲ ಕುದಿಸಿದರೆ ಎಷ್ಟಾಗುತ್ತೆ, ಕೇಳಿದಳು.
ನನಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು,
ಬೇರೆಯವರಿಗೂ ಅಷ್ಟೇ ಆಗುತ್ತಾ ಅಂತ ನೋಡುತ್ತಿದ್ದಳು.

ಹಾಸಿಗೆ ಇದ್ದಷ್ಟು ಕಾಲು ಚಾಚು. ಸರಿ.
ಹಾಸಿಗೆಯೇ ಬಿಸಿನೀರಿಗೆ ಬಿದ್ದ ಉಣ್ಣೆಯಂತೆ
ವಾರವಾರಕ್ಕೆ ಕುಗ್ಗಿದರೆ
ಕಾಲನ್ನೇನು ಮಡಚಿ ಕಪಾಟಿನಲ್ಲಿ ಇಡುವುದೆ?
ಏನೂ ಉರಿಸದೆ ಕತ್ತಲಲ್ಲಿ ಕೂತರೂ
ದಿನಕ್ಕಿಷ್ಟು ಅಂತ ಮೇಯುತ್ತದೆ ಮೀಟರು,
ನಾವು ಮಲಗಿದ ಮೇಲೆ ಇನ್ನೂ ಸಲೀಸಾಗಿ.

ಜನವರಿಯ ಒಂದು ಸಂಜೆ
ಷೆರಿಲ್ ಬ್ಲ್ಯಾಂಚರ್ಡಳ ಮಗ ಕೋರಿ, ಒಂಬತ್ತು ವರ್ಷ,
ಜಾಮಿನ ಸೀಸೆ ಬೋರಲು ಹಾಕಿದ ಕೌಂಟರಿನ ಮೇಲೆ.
ಎಲ್ಲ ತಾಮ್ರದ ಚಿಲ್ಲರೆ. ಎಣಿಸಿದೆ. ಎರಡು ಎಪ್ಪತ್ತು.
ಮತ್ತೆ ಎಣಿಸಿದೆ, ಎರಡನೇ ಸಲಕ್ಕೆ
ಹೆಚ್ಚಾಗುತ್ತದೇನೋ ಎಂಬಂತೆ.
ಐದಕ್ಕಿಂತ ಕಡಿಮೆ ಯಂತ್ರ ಮುಟ್ಟುವುದಿಲ್ಲ.
"ಸೋಫಾ ಸಂದಿಯಲ್ಲೂ ಹುಡುಕಿದೆ," ಅಂದ,
ನಾನು ಕೇಳದಿದ್ದರೂ.
"ಅಮ್ಮ ಮಲಗಿದಾಳೆ. ನೈಟ್ ಶಿಫ್ಟು."

ಏಪ್ರನ್ ಜೇಬಿನಿಂದ ಎರಡು ಮೂವತ್ತು ಸೇರಿಸಿ
ಐದು ಒತ್ತಿದೆ. ಯಂತ್ರ ಚೀಟಿ ಕಕ್ಕಿತು.
ಓಡಿದ ಹುಡುಗ, ಬಾಗಿಲೂ ಹಾಕದೆ.
ಆ ರಾತ್ರಿ ಒಳ್ಳೆಯವಳಾಗಿ ನಿದ್ದೆ ಮಾಡಿದೆ.
ಸುಳ್ಳೇಕೆ, ಹಾಯೆನಿಸಿತು.

ಶನಿವಾರ ಬಂದಳು ಷೆರಿಲ್.
ಉಗುರಿನ ಸುತ್ತ ಬ್ಲೀಚಿಗೆ ಸುಲಿದ ಚರ್ಮ.
ನಾಣ್ಯಗಳನ್ನು ದೊಡ್ಡದು, ಚಿಕ್ಕದು ಅಂತ
ಸಾಲಾಗಿ ಜೋಡಿಸಿದಳು.
"ನಿನ್ನದು. ಎಣಿಸಿಕೋ."
ಪರವಾಗಿಲ್ಲ ಬಿಡು, ಅಂದೆ. ಅಲ್ಲೇ ತಪ್ಪಿದ್ದು.
"ಪರವಾಗಿದೆ.
ನನ್ನ ಮಗನ ಮುಂದೆ ದೀಪ ಹಚ್ಚುವವಳು ನಾನು.
ನೀನಲ್ಲ."
ಕ್ಯೂನಲ್ಲಿ ಯಾರೋ ಕೆಮ್ಮಿದರು.
ಎಣಿಸಿದೆ. ಒಂದು ಪೆನ್ನಿ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅವಳಿಗೆ ಹೇಳಬಹುದಿತ್ತು:
ಬಾಗಿಲು ಹಾಕಿದ ಮೇಲೆ ಅಂಗಡಿಯ ಬಚ್ಚಲಲ್ಲಿ
ಧಣಿಯ ಬಿಸಿನೀರಿಗೆ ತಲೆಯೊಡ್ಡಿ
ಕೂದಲು ತೊಳೆದುಕೊಳ್ಳುವವಳು ನಾನು,
ನನ್ನ ಮೀಟರೂ ಈ ತಿಂಗಳು ಎರಡು ಸಲ
ತುರ್ತು ಸಾಲದ ಮೇಲೆ ಉಸಿರಾಡಿದೆ.
ಹೇಳಿದ್ದರೆ ಅವಳಿಗೆ ಹಗುರವಾಗುತ್ತಿತ್ತೋ ಏನೋ.
ಬಾಯಿ ಬರಲಿಲ್ಲ.
ಕೊಡುವ ಬದಿಯಲ್ಲಿ ನಿಂತ ರುಚಿ
ಅಷ್ಟು ಬೇಗ ಬಿಡುವುದಿಲ್ಲ.

ಆ ಮೇಲೆ ಆರು ವಾರ
ಅವಳು ಆಚೆ ಬೀದಿಯ ಪೆಟ್ರೋಲ್ ಬಂಕಿಗೆ ಹೋದಳು,
ಕಾಲು ಮೈಲಿ ಹೆಚ್ಚು, ಗಾಳಿಗೆ ಎದುರಾಗಿ.

ಮಾರ್ಚಿನಲ್ಲಿ ತಿರುಗಿ ಬಂದಳು.
ಕೀಲಿ, ಹತ್ತರ ನೋಟು. ಮಾತಿಲ್ಲ.
ವಾಪಸು ಕೊಡುವಾಗ ಬೆರಳು ತಗಲಿತು.
"ನಿನ್ನ ಕೈ ಮೀನಿನ ಹಾಗಿದೆಯಲ್ಲೇ," ಅಂದಳು.
ಕೌಂಟರಿನ ಮೇಲಿಂದ ಬಗ್ಗಿ
ನನ್ನ ಕಾಲಬಳಿ ಸತ್ತು ಬಿದ್ದ ಹೀಟರ್ ನೋಡಿದಳು,
ಸ್ವೆಟರಿನ ಮೇಲೆ ಸ್ವೆಟರು ನೋಡಿದಳು.
"ಇಲ್ಲೂ ಹಾಕೋದಿಲ್ವಾ?"
ಹಾಕೋದಿಲ್ಲ, ಅಂದೆ.
ಹೂಂ, ಅಂದಳು.
ಕ್ಯೂ ಮುಂದೆ ಸರಿಯಿತು.