ಕಡೆಯ ಕಲಂ

ಆರೂಮುಕ್ಕಾಲಿಗೆ ಷಟರ್ ಎತ್ತುತ್ತೇನೆ.
ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ, ಮೊಣಕಾಲು ಕೊಟ್ಟು ದೂಡಬೇಕು.
ಸ್ವರ್ಣಸಂದ್ರದ ಈ ಬೀದಿಯಲ್ಲಿ
ಹಾಲಿನವನಿಗಿಂತ ಮೊದಲು ಏಳುವ ಸದ್ದು ಇದು ಎಂದು
ಎದುರುಮನೆಯವರ ದೂರು.

ನಮ್ಮವರು ಸ್ಕೂಟರ್ ರಿಪೇರಿ ಮಾಡುತ್ತಿದ್ದ ಮಳಿಗೆ.
ಸುಣ್ಣ ಬಳಿದು, ಗೋಡೆಗೆ ಜಿಂಕೆ ಮೊಲ ಬರೆಸಿ
ನಾಲ್ಕು ವರ್ಷವಾದರೂ
ಸೆಕೆ ಹೆಚ್ಚಾದ ದಿನ ನೆಲ ಗ್ರೀಸು ಉಸಿರುತ್ತದೆ.
ಮಕ್ಕಳು ಅದಕ್ಕಿಟ್ಟ ಹೆಸರು ‘ಮಿಸ್ ವಾಸನೆ’.

ಗೆಜ್ಜಲಗೆರೆಯ ಗಾರ್ಮೆಂಟ್ಸ್ ವ್ಯಾನು ಮೊದಲು.
ಡ್ರೈವರು ಇಂಜಿನ್ ಆರಿಸುವುದಿಲ್ಲ.
ಅಷ್ಟರಲ್ಲೇ ಒಂದು ಮುತ್ತು, ಒಂದು ಗದರಿಕೆ,
ಹಲ್ಲಲ್ಲಿ ಕಚ್ಚಿಕೊಂಡಿದ್ದ ಹೇರ್‌ಪಿನ್ನು ನನ್ನ ಕೈಗೆ:
‘ಜಡೆ ನೀವೇ ಆಕ್ಬುಡಿ ಮಿಸ್, ಟೈಮಾಯ್ತು.’

ಆರು ತಲೆ, ಹನ್ನೆರಡು ಜಡೆ.
ಬೈತಲೆ ಸೊಟ್ಟಗಾದರೆ ಇಂಚರ ಅಳುತ್ತಾಳೆ,
ಜೋಯಾ ಎಣ್ಣೆ ಬೇಡ ಅನ್ನುತ್ತಾಳೆ,
ಹುಡುಗರು ರಾಗಿಗಂಜಿಯ ತಳದಲ್ಲಿ
ಕರಗದ ಬೆಲ್ಲ ಹುಡುಕುತ್ತಾರೆ.
ಎಂಟೂವರೆಗೆ ಅಷ್ಟೂ ಜನಕ್ಕೆ ಹಗ್ಗ ಹಿಡಿಸಿ
ರಸ್ತೆ ದಾಟಿಸಿ, ಸ್ಕೂಲಿಗೆ ಬಿಟ್ಟು ಬಂದು ಕೂತರೆ
ಬೆರಳ ತುಂಬ ಐದಾರು ಮನೆಯ ಕೊಬ್ಬರಿ ಎಣ್ಣೆ.

ಸಂಜೆ ಏಳರ ಮಗ್ಗಿ ಶುರುವಾಗುತ್ತದೆ ಜೋರಾಗಿ.
ಇಪ್ಪತ್ತೆಂಟಕ್ಕೆ ಒಂದು ಹಾರ್ನು, ಇಬ್ಬರು ಎದ್ದರು.
ನಲವತ್ತೆರಡಕ್ಕೆ ಒಬ್ಬಳ ಅಜ್ಜ, ಕೆಮ್ಮುತ್ತ.
ಎಪ್ಪತ್ತು ಮುಟ್ಟುವಾಗ ದನಿ ಒಂದೇ,
ಮೋಕ್ಷಿತನದು.
ಅವನ ಅಮ್ಮ ಜಯಶೀಲ, ನಾಗಮಂಗಲ ಬಸ್ಸಿನ ಕಂಡಕ್ಟರು.

ಮೇಜಿನ ಮೇಲೆ ಉದ್ದನೆಯ ಹಾಜರಿ ಪುಸ್ತಕ.
ಮಗುವಿನ ಹೆಸರು, ಬಂದ ಹೊತ್ತು, ಹೋದ ಹೊತ್ತು.
ಕಡೆಯ ಕಲಂ: ಕರೆದುಕೊಂಡು ಹೋದವರ ಸಹಿ.
ಒಮ್ಮೆ ಯಾರದೋ ಚಿಕ್ಕಪ್ಪ ಬಂದ, ಚಾಕಲೇಟು ಹಿಡಿದು.
ಮಗು ಕುಣಿಯುತ್ತ ಚಪ್ಪಲಿ ಹಾಕಿಕೊಂಡಿತ್ತು.
ಅಮ್ಮ ಕೊಟ್ಟ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ.
ಬಾಗಿಲಿಗೆ ಅಡ್ಡ ನಿಂತೆ.
ಕಾಲು ನಡುಗಿದ್ದು ಸೀರೆಗೆ ಮಾತ್ರ ಗೊತ್ತು.
‘ದುಡ್ಡಿಸ್ಕಂಡು ಮಕ್ಳು ಕಾಯೋಳ್ಗೆ ಏನ್ ಪೊಗರು’ ಅಂದು ಹೋದ.
ಹೌದಪ್ಪ.
ಕಾಯುವುದಕ್ಕೇ ಇಸಕೊಳ್ಳುವುದು.

ಹೋದ ಗುರುವಾರ ಬಸರಾಳಿನ ಹತ್ತಿರ ಬಸ್ಸು ಕೆಟ್ಟು ನಿಂತಿತು.
ಒಂದು ಸಲ ಫೋನು ಬಂತು, ಆಮೇಲೆ ಸ್ವಿಚ್ ಆಫ್.
ಮೋಕ್ಷಿತ್ ಎಲ್ಲರ ಪೆನ್ಸಿಲು ಚೂಪು ಮಾಡಿದ.
ನನ್ನ ಜೊತೆ ಅರ್ಧ ಮುದ್ದೆ, ಉಪ್ಪೆಸ್ರು ಉಂಡ.
ಗಡಿಯಾರವನ್ನು ನಾನು ನೋಡುತ್ತಿದ್ದೆ,
ಅವನು ನನ್ನನ್ನು ನೋಡುತ್ತಿದ್ದ.
ಅದು ತಿಳಿದ ಮೇಲೆ ನೋಡುವುದು ಬಿಟ್ಟೆ.

ಡಿಪೋದಲ್ಲಿ ಕಲೆಕ್ಷನ್ ಕಟ್ಟಿ ಬರುವಾಗ ಎಂಟು ನಲವತ್ತು.
ಮುಂಗೈಗೆ ಗ್ರೀಸು ಮೆತ್ತಿತ್ತು.
ಮಗು ಮೂಸಿ ನೋಡಿ ನಕ್ಕಿತು.
‘ಎರಡೇ ನಿಮಿಷ ಮಿಸ್’ ಎಂದು
ಮಕ್ಕಳ ಕೆಂಪು ಕುರ್ಚಿಯಲ್ಲಿ ಕೂತವಳು
ಗೋಡೆಯ ಜಿಂಕೆಗೆ ತಲೆಯಾನಿಸಿ ನಿದ್ದೆಹೋದಳು.

ಅವನು ಪೆನ್ನು ತೆಗೆದುಕೊಂಡ.
ತನ್ನ ಹೆಸರಿನ ಕೆಳಗಿನ ಸಾಲಲ್ಲಿ
ಮಗುವಿನ ಹೆಸರು: ಜಯಶೀಲ.
ಬಂದ ಹೊತ್ತು: ೮-೪೦.
ಕಡೆಯ ಕಲಮಿಗೆ ನಾಲಗೆ ಕಚ್ಚಿ ಸಹಿ ಹಾಕಿದ,
ದೀರ್ಘ ಮರೆತು: ಮೊಕ್ಷಿತ್, ಮೂರನೇ ಬಿ.

‘ಎಬ್ಬಿಸ್ಲೇನೋ?’ ಅಂದೆ.
‘ಸ್ಟಾಪು ಬರ್ಲಿ ಮಿಸ್.’

ತಡವಾದರೆ ಅರ್ಧ ಗಂಟೆಗೆ ಇಪ್ಪತ್ತು ರೂಪಾಯಿ
ಎಂದು ಬೋರ್ಡಿನ ಮೇಲೆ ನಾನೇ ಬರೆದದ್ದು.
ಯಾರ ಲೆಕ್ಕಕ್ಕೆ ಹಿಡಿಯುವುದೋ ತಿಳಿಯದೆ
ಸೊಳ್ಳೆ ಬರುತ್ತವೆಂದು ಷಟರ್ ಇಳಿಸಲು ಹೋದೆ.
ಅರ್ಧಕ್ಕೆ ನಿಂತಿತು.
ಸದ್ದಾದೀತೆಂದು ಹಾಗೇ ಬಿಟ್ಟೆ.